ಮೂವತ್ತೆರಡಕ್ಕೆ ಇಳಿಯುವ ಅಂಕಿ: ಕ್ರಿಕೆಟ್ ಮ್ಯಾನೇಜರ್ ಆಟಗಳಲ್ಲಿ ಆಟಗಾರ ಬೆಳೆಯೋದು ಹೇಗೆ, ಮುಗಿಯೋದು ಹೇಗೆ?

ಇವತ್ತಿನ ಸಂಚಿಕೆಯನ್ನ ಒಂದು ಅಂಕಿಯಿಂದ ಶುರು ಮಾಡ್ತೀನಿ. 167. ಬಿ.ಎಸ್. ಚಂದ್ರಶೇಖರ್ ಅವರು 58 ಟೆಸ್ಟ್ ಪಂದ್ಯಗಳಲ್ಲಿ ಹೊಡೆದ ಒಟ್ಟು ರನ್ನು ಅದು. ಅವರು ತೆಗೆದ ವಿಕೆಟ್ಟು 242. ಹೊಡೆದ ರನ್ನಿಗಿಂತ ತೆಗೆದ ವಿಕೆಟ್ಟೇ ಹೆಚ್ಚು.

ಆದರೆ ದಡ್ಡಿಯ ಶಾಲೆಯ ಹಿಂದಿನ ಬೆಂಚಿನಲ್ಲಿ ಇದೇ ಚಂದ್ರಶೇಖರ್ ಶತಕ ಹೊಡೆದದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಬುಕ್ ಕ್ರಿಕೆಟ್‌ನಲ್ಲಿ! ಸಮಾಜ ವಿಜ್ಞಾನದ ಪುಸ್ತಕ ತೆರೆಯೋದು, ಎಡಗಡೆ ಪುಟದ ಕೊನೆಯ ಅಂಕಿ ನೋಡೋದು. ಎರಡು ಬಂದರೆ ಎರಡು ರನ್, ನಾಲ್ಕು ಬಂದರೆ ನಾಲ್ಕು, ಸೊನ್ನೆ ಬಂದರೆ ಔಟ್. ಅಪ್ಪನ ಕಾಲದ ಆಟಗಾರರನ್ನ ನಾನು ತಂಡಕ್ಕೆ ಸೇರಿಸಿಕೊಳ್ತಿದ್ದೆ. ವಿಶ್ವನಾಥ್ ಸೊನ್ನೆಗೆ ಔಟಾಗೋರು, ಹನ್ನೊಂದನೆಯವರಾಗಿ ಬಂದ ಚಂದ್ರ ನೂರು ಹೊಡೆಯೋರು. ಅಲ್ಲಿ ಯಾರಿಗೂ ಕೌಶಲ ಅಂತಿರಲಿಲ್ಲ, ವಯಸ್ಸೂ ಇರಲಿಲ್ಲ. ಪುಸ್ತಕ ಹರಿಯೋವರೆಗೆ ಎಲ್ಲರೂ ಸಮಾನರು.

ಕಂಪ್ಯೂಟರಿನ ಮ್ಯಾನೇಜರ್ ಆಟಗಳು ಬುಕ್ ಕ್ರಿಕೆಟ್ಟಿಗೆ ಸೇರಿಸಿದ್ದು ಇವೆರಡನ್ನೇ: ಆಟಗಾರನಿಗೊಂದು ಅಂಕಿ ಕೊಟ್ಟರು, ಆ ಅಂಕಿಗೊಂದು ಆಯುಷ್ಯ ಕೊಟ್ಟರು. ಇವತ್ತು ನಾನು ಹೇಳಬೇಕಂತಿರೋದು ಆ ಆಯುಷ್ಯದ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. 1982ರಲ್ಲಿ ಇಂಗ್ಲೆಂಡಿನ ಕೆವಿನ್ ಟಾಮ್ಸ್ ಅನ್ನೋರು 'ಫುಟ್‌ಬಾಲ್ ಮ್ಯಾನೇಜರ್' ಅಂತ ಒಂದು ಪುಟ್ಟ ಆಟ ಬರೆದರು. ಆಗಿನ ಮನೆ ಕಂಪ್ಯೂಟರುಗಳ ಮೆಮೊರಿ ಈಗಿನ ಒಂದು ಫೋಟೊ ಇಡಲಿಕ್ಕೂ ಸಾಲದು. ಹಾಗಾಗಿ ಒಬ್ಬ ಆಟಗಾರ ಅಂದರೆ ಎರಡೇ ಅಂಕಿ: ಒಂದರಿಂದ ಐದರವರೆಗೆ ಕೌಶಲ, ಜೊತೆಗೆ ಒಂದಿಷ್ಟು ಶಕ್ತಿ. ಆಡಿದರೆ ಶಕ್ತಿ ಇಳಿಯುತ್ತೆ, ಕೂರಿಸಿದರೆ ಏರುತ್ತೆ. ಸೀಸನ್ ಮುಗಿದ ಮೇಲೆ ಕೌಶಲದ ಅಂಕಿಗಳು ಬದಲಾಗ್ತಿದ್ದವು. ಯಾಕೆ ಬದಲಾದವು ಅಂತ ಕೇಳೋ ಹಾಗಿಲ್ಲ, ಲಾಟರಿ ಇದ್ದ ಹಾಗೆ. ಇದರಲ್ಲಿ ತರಬೇತಿ ಅನ್ನೋ ಮಾತೇ ಇರಲಿಲ್ಲ.

ಹತ್ತು ವರ್ಷದ ನಂತರ, 1992ರಲ್ಲಿ, ಕಾಲಿಯರ್ ಸಹೋದರರ 'ಚಾಂಪಿಯನ್‌ಶಿಪ್ ಮ್ಯಾನೇಜರ್' ಬಂತು. ಅದರ ಮುಂದಿನ ಆವೃತ್ತಿಗಳಲ್ಲಿ ಒಬ್ಬನಿಗೆ ಈಗಿರುವ ಸಾಮರ್ಥ್ಯ ಬೇರೆ, ಅವನು ಮುಟ್ಟಬಹುದಾದ ಸಾಮರ್ಥ್ಯ ಬೇರೆ ಅನ್ನೋ ಲೆಕ್ಕ ಗಟ್ಟಿಯಾಯಿತು. ಎರಡನೆಯದು ಹುಟ್ಟುವಾಗಲೇ ಬರೆದಿಟ್ಟದ್ದು, ನಿಮಗೆ ಕಾಣೋದಿಲ್ಲ. ಹಣೆಬರಹ ಅಂತ ನಮ್ಮವರು ಏನಂತಾರೋ ಅದನ್ನೇ ಇಂಗ್ಲಿಷರು 200 ಅಂಕಕ್ಕೆ ತೂಗಿ ಇಟ್ಟರು ಅನ್ನಿ.

ಕ್ರಿಕೆಟ್ಟಿಗೆ ಇದು ಬಂದದ್ದು 1998ರ 'ಇಂಟರ್‌ನ್ಯಾಷನಲ್ ಕ್ರಿಕೆಟ್ ಕ್ಯಾಪ್ಟನ್' ಜೊತೆಗೆ. ಕೌಂಟಿ ತಂಡವೊಂದರ ಉಸ್ತುವಾರಿ ನಿಮ್ಮದು. ಫಾರ್ಮ್ ನೋಡೋದು, ನೆಟ್ಸ್‌ಗೆ ಕಳಿಸೋದು, ವಯಸ್ಸಾದವರನ್ನ ಬಿಡೋದು. ಅದೇ ವಂಶದ ಆಟ ಇವತ್ತಿಗೂ 'ಕ್ರಿಕೆಟ್ ಕ್ಯಾಪ್ಟನ್' ಹೆಸರಿನಲ್ಲಿ ಬರ್ತಾ ಇದೆ. ಇನ್ನೊಂದು ಕವಲು ಇಂಟರ್ನೆಟ್ಟಿನದು. 1997ರಲ್ಲಿ ಸ್ವೀಡನ್ನಿನಲ್ಲಿ 'ಹ್ಯಾಟ್ರಿಕ್' ಅಂತ ಫುಟ್‌ಬಾಲ್ ಆಟ ಹುಟ್ಟಿತು. ಅದೇ ಅಚ್ಚಿನಲ್ಲಿ ಕ್ರಿಕೆಟ್ಟಿಗೆ 'ಬ್ಯಾಟ್ರಿಕ್' ಬಂತು. ನಮ್ಮ ಪಕ್ಕದ ಹೈದರಾಬಾದಿನಿಂದ 'ಹಿಟ್‌ವಿಕೆಟ್' ಬಂತು. ನಾನು ಕೆಟ್ಟದ್ದು ಇಂಥ ಇಂಟರ್ನೆಟ್ ಆಟದಿಂದಲೇ. ಯಾವುದು ಅಂತ ಹೇಳೋದು ಬೇಡ, ಮನೆಯವರೂ ಈ ಪಾಡ್‌ಕಾಸ್ಟ್ ಕೇಳ್ತಾರೆ.

ಈಗ ಇವುಗಳ ಒಳಗಿನ ಯಂತ್ರ ನೋಡೋಣ. ಆಟದಿಂದ ಆಟಕ್ಕೆ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ, ತಿರುಳು ಮಾತ್ರ ಒಂದೇ. ವಾರಕ್ಕೊಂದು ತರಬೇತಿ ಆರಿಸಿಕೊಳ್ತೀರಿ, ಉದಾಹರಣೆಗೆ ಸ್ಪಿನ್ ಬೌಲಿಂಗ್. ಆ ವಾರ ಪಂದ್ಯದಲ್ಲಿ ಬೌಲಿಂಗ್ ಮಾಡಿದವನಿಗೆ ಅದರ ಪೂರ್ತಿ ಫಲ, ಬೆಂಚಿನಲ್ಲಿ ಕೂತವನಿಗೆ ಕಾಲು ಪಾಲು ಅಥವಾ ಏನೂ ಇಲ್ಲ. ಕೋಚ್ ಒಳ್ಳೆಯವನಾದರೆ ವೇಗ ಹೆಚ್ಚು. ಇದರ ಮೇಲೆ ಎರಡು ಕಡಿವಾಣ. ಒಂದು, ಕೌಶಲ ಮೇಲೇರಿದಷ್ಟೂ ಮುಂದಿನ ಮೆಟ್ಟಿಲು ದೂರ. ಇನ್ನೊಂದು, ವಯಸ್ಸು. 18ರ ಹುಡುಗ ಮೂರು ವಾರದಲ್ಲಿ ಕಲಿಯೋದನ್ನ 24ರವನು ಐದು ವಾರದಲ್ಲಿ, 29ರವನು ಎಂಟು ವಾರದಲ್ಲಿ ಕಲೀತಾನೆ ಅಂತಿಟ್ಟುಕೊಳ್ಳಿ. ಈ ಅಂಕಿಗಳು ನನ್ನ ಉದಾಹರಣೆ, ಆದರೆ ಗೆರೆಯ ಬಾಗು ಹೀಗೇ ಇರುತ್ತೆ. ಕಾಲವೂ ಬೇರೆ: ಹ್ಯಾಟ್ರಿಕ್‌ನಲ್ಲಿ ಆಟಗಾರನ ಒಂದು ವರ್ಷ ಅಂದರೆ ನಮ್ಮ 112 ದಿನ. ಯುಗಾದಿಗೆ 17ರ ಹುಡುಗನನ್ನ ತಂದರೆ ದಸರಾ ಕಳೆಯೋದರೊಳಗೆ ಅವನಿಗೆ 18 ತುಂಬಿ 19ರ ಕಡೆ ಹೊರಟಿರ್ತಾನೆ.

ಆಮೇಲೆ ಇಳಿತ. ಮೂವತ್ತರ ಆಸುಪಾಸಿನಲ್ಲಿ ಒಂದು ದಿನ ಲಾಗಿನ್ ಆಗಿ ನೋಡಿದರೆ ಕೌಶಲದ ಒಂದು ಮೆಟ್ಟಿಲು ಮಾಯ. ವೇಗದ ಬೌಲರಿಗೆ ಬೇಗ, ಸ್ಪಿನ್ನರಿಗೆ ತಡವಾಗಿ. ಶುರುವಿನಲ್ಲಿ ತರಬೇತಿ ಆ ಇಳಿತವನ್ನ ತಡೀತದೆ. ಮೋಟರಿನಿಂದ ನೀರೆತ್ತಿ ಸೋರುವ ತೊಟ್ಟಿ ತುಂಬಿಸಿದ ಹಾಗೆ. ಕೆಲವು ವರ್ಷದ ನಂತರ ಸೋರಿಕೆಯೇ ಗೆಲ್ಲುತ್ತೆ. ನಮ್ಮ ಕಡೆಯ ಹಳೇ ಪೈಲ್ವಾನರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ. ತಾಲೀಮು ಬಿಟ್ಟ ಮೈ ಏನಾಗ್ತದೆ ಅಂತ ಗರಡಿಯ ಕಟ್ಟೆ ಮೇಲೆ ಕೂತು ಅವರೇ ತೋರಿಸ್ತಾರೆ.

ಇಲ್ಲೊಂದು ಪ್ರಶ್ನೆ ನನ್ನನ್ನ ಬಹಳ ದಿನ ಕಾಡಿತ್ತು. ಆಟ ಬರೆದವರಿಗೆ ಈ 30, 32 ಎಲ್ಲಿಂದ ಸಿಕ್ಕಿತು? ವೈದ್ಯರನ್ನ ಕೇಳಿದರಾ? ಉತ್ತರ ಸ್ವಲ್ಪ ಒರಟಾಗಿದೆ. ಇಳಿತ ಇರೋದು ದೇಹದ ಸಲುವಾಗಿ ಅಲ್ಲ, ಮಾರುಕಟ್ಟೆಯ ಸಲುವಾಗಿ.

ಹ್ಯಾಗೆ ಅಂದರೆ, ಸಾವಿರಾರು ಮಂದಿ ವಾರ ವಾರ ತರಬೇತಿ ಕೊಡ್ತಾ ಇದ್ದಾರೆ. ಕೌಶಲ ಬರೀ ಏರೋದೇ ಆದರೆ ಹತ್ತು ಸೀಸನ್ನಿಗೆ ಎಲ್ಲಾ ತಂಡದಲ್ಲೂ ಹನ್ನೊಂದು ಮಂದಿ ಬ್ರಾಡ್‌ಮನ್‌ಗಳು ತುಂಬಿಕೊಳ್ತಾರೆ. ಆಗ 18ರ ಹುಡುಗನನ್ನ ಕೊಳ್ಳೋರು ಯಾರು? ವರ್ಗಾವಣೆಯ ಸಂತೆ ನಿಂತುಹೋಗುತ್ತೆ, ಹೊಸದಾಗಿ ಸೇರಿದವನು ಯಾವತ್ತೂ ಗೆಲ್ಲೋದಿಲ್ಲ, ಆಟವೇ ಸಾಯುತ್ತೆ. ಹಾಗಾಗಿ ಒಳಗೆ ಬಂದಷ್ಟೇ ಕೌಶಲ ಹೊರಗೂ ಹೋಗಬೇಕು. ಹಿಡಕಲ್ ಡ್ಯಾಮಿನ ಗೇಟು ಇದ್ದ ಹಾಗೆ. ಮುಪ್ಪು ಅನ್ನೋದು ಆ ಗೇಟಿನ ಹೆಸರು. ಯಾವ ವಯಸ್ಸಿಗೆ ಎಷ್ಟು ತೆರೀಬೇಕು ಅನ್ನೋದನ್ನ ಸಂತೆ ನಡೀತಿದೆಯಾ ಇಲ್ಲವಾ ಅಂತ ನೋಡಿ ಹೊಂದಿಸಬೇಕಾಗುತ್ತೆ.

ದೇಹದ ಲೆಕ್ಕ ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಬಿಲ್ ಜೇಮ್ಸ್ 1980ರ ದಶಕದ ಶುರುವಿನಲ್ಲೇ ಬೇಸ್‌ಬಾಲ್ ಅಂಕಿಗಳನ್ನ ಜಾಲಾಡಿ, ಬ್ಯಾಟರುಗಳು ಉತ್ತುಂಗ ಮುಟ್ಟೋದು 27ರ ಸುಮಾರಿಗೆ ಅಂದರು. ಮ್ಯಾನೇಜರ್ ಆಟಗಳ ಗೆರೆಯಲ್ಲೂ ಹೆಚ್ಚುಕಡಿಮೆ ಅದೇ ಬಾಗು ಕಾಣುತ್ತೆ. ಆದರೆ ಇಂಥ ಲೆಕ್ಕದಲ್ಲಿ ಒಂದು ತೊಡಕಿದೆ. 35ನೇ ವಯಸ್ಸಿನಲ್ಲಿ ಅಳೆಯೋಕೆ ಸಿಗೋದು ಆ ವಯಸ್ಸಿನಲ್ಲೂ ತಂಡದಲ್ಲಿ ಉಳಿದವನು ಮಾತ್ರ. 31ಕ್ಕೇ ಕೈಬಿಟ್ಟವನು ಆಮೇಲೆ ಹೇಗೆ ಆಡ್ತಿದ್ದ ಅಂತ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅವನು ಇಳಿದಿದ್ದನಾ, ಇಳಿಸಿದರಾ?

ಇದನ್ನ ನಮ್ಮ ಕರ್ನಾಟಕದವರ ಮೇಲೇ ಇಟ್ಟು ನೋಡೋಣ.

ಎರಪಳ್ಳಿ ಪ್ರಸನ್ನ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು ಮೊದಲ ಟೆಸ್ಟ್, ವಯಸ್ಸು 21. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಇನ್ನೊಂದು. ಆಮೇಲೆ ಮೈಸೂರಿಗೆ ವಾಪಸ್, ಎಂಜಿನಿಯರಿಂಗ್ ಓದು ಮುಗಿಸೋಕೆ. ಮೂರನೇ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ, ಅದೂ ಮದ್ರಾಸಿನಲ್ಲೇ. ನಡುವೆ ಹೆಚ್ಚುಕಡಿಮೆ ಐದು ವರ್ಷ. ಮ್ಯಾನೇಜರ್ ಆಟದಲ್ಲಿ 21ರಿಂದ 26 ಅಂದರೆ ಬಂಗಾರದ ಕಾಲ. ಆಗ ದೊಡ್ಡ ಪಂದ್ಯ ಆಡಿಸದವನನ್ನ ನಾನಾಗಿದ್ದರೆ ಮಾರಿಬಿಡ್ತಿದ್ದೆ. ಈ ಮನುಷ್ಯ ವಾಪಸ್ ಬಂದು 1967-68ರ ಪ್ರವಾಸದಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟಿಗೆ 25, ನ್ಯೂಜಿಲೆಂಡಿನಲ್ಲಿ ನಾಲ್ಕು ಟೆಸ್ಟಿಗೆ 24 ವಿಕೆಟ್ ತೆಗೆದರು. ನೂರು ವಿಕೆಟ್ ಮುಟ್ಟಿದ್ದು 20ನೇ ಟೆಸ್ಟಿನಲ್ಲಿ. ಭಾರತೀಯರಲ್ಲಿ ಆ ವೇಗವನ್ನ 2013ರಲ್ಲಿ ಅಶ್ವಿನ್ ಬಂದು ಮುರಿಯಬೇಕಾಯಿತು. ಓದುತ್ತಾ ಕೂತ ಆ ವರ್ಷಗಳಲ್ಲಿ ಪ್ರಸನ್ನರ ತಲೆಯೊಳಗೆ ಏನು ಬೆಳೀತು? ಫ್ಲೈಟು, ಬ್ಯಾಟರನ್ನ ಕಾಯಿಸುವ ತಾಳ್ಮೆ, ಇವಕ್ಕೆ ಯಾವ ಆಟದಲ್ಲೂ ವಾರದ ತರಬೇತಿಯ ಬಟನ್ನು ಇಲ್ಲ.

ಅನಿಲ್ ಕುಂಬ್ಳೆ. 2001ರಲ್ಲಿ ಭುಜದ ಶಸ್ತ್ರಚಿಕಿತ್ಸೆ, ವಯಸ್ಸು 30. ಆಟದ ಭಾಷೆಯಲ್ಲಿ ಇಳಿತ ಶುರುವಾಗಬೇಕಾದ ಹೊತ್ತು, ಅದರ ಮೇಲೆ ಗಾಯ. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೂರು ಟೆಸ್ಟಿಗೆ 24 ವಿಕೆಟ್ ತೆಗೆದರು. ಅವರ ಬೌಲಿಂಗ್ ಬಿಡಿ, ಬ್ಯಾಟಿಂಗ್ ನೋಡಿ. 2007ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಔಟಾಗದೆ 110. ಅದು ಅವರ 118ನೇ ಟೆಸ್ಟ್, ಮೊದಲ ಶತಕ, ವಯಸ್ಸು 36. ಇಂಥ ಆಟಗಾರ ನನ್ನ ತಂಡದಲ್ಲಿದ್ದಿದ್ದರೆ ಸಾಫ್ಟ್‌ವೇರಿನಲ್ಲಿ ದೋಷ ಇದೆ ಅಂತ ದೂರು ಕೊಡ್ತಿದ್ದೆ.

ದ್ರಾವಿಡ್ ಅವರದು ಇನ್ನೂ ವಿಚಿತ್ರ. ಆಟದಲ್ಲಿ ಮುಪ್ಪು ಅಂದರೆ ನಯವಾಗಿ ಇಳಿಯೋ ಗೆರೆ. 2011ರಲ್ಲಿ, 38ನೇ ವಯಸ್ಸಿನಲ್ಲಿ, ಇಡೀ ಜಗತ್ತಿನಲ್ಲಿ ಆ ವರ್ಷ ಅತಿ ಹೆಚ್ಚು ಟೆಸ್ಟ್ ರನ್ ಹೊಡೆದವರು ಅವರೇ. ಇಂಗ್ಲೆಂಡಿನಲ್ಲಿ ಭಾರತ 0-4ರಿಂದ ಸೋತ ಸರಣಿಯಲ್ಲಿ 461 ರನ್, ಮೂರು ಶತಕ. ಅದಾದ ಕೆಲವೇ ತಿಂಗಳಿಗೆ ಆಸ್ಟ್ರೇಲಿಯಾದಲ್ಲಿ ಎಂಟು ಇನಿಂಗ್ಸ್‌ಗೆ 194 ರನ್, ಆರು ಸಲ ಬೌಲ್ಡ್. 'ಗೋಡೆ' ಅನ್ನಿಸಿಕೊಂಡವರು ಆರು ಸಲ ಬೌಲ್ಡ್! ನೋಡೋಕಾಗ್ತಿರಲಿಲ್ಲ ನನಗೆ. 2012ರ ಮಾರ್ಚ್ 9ಕ್ಕೆ ಬೆಂಗಳೂರಿನಲ್ಲಿ ನಿವೃತ್ತಿ ಹೇಳಿದರು. ಇದು ಗೆರೆ ಅಲ್ಲ, ಗುಡ್ಡದ ತುದಿಯಿಂದ ಜಾರಿದ್ದು. ಹಾಗಾಗಿ ಇಳಿತ ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಬರುತ್ತೆ. ಕ್ಯಾಲೆಂಡರ್ ನೋಡಿಕೊಂಡು ಬರೋದಿಲ್ಲ ಅಷ್ಟೆ.

ಈಗ ಕರುಣ್ ನಾಯರ್ ಕಥೆಗೆ ಬರ್ತೀನಿ. ಈ ಸಂಚಿಕೆ ಮಾಡಬೇಕು ಅನ್ನಿಸಿದ್ದೇ ಅವರಿಂದ.

2016ರ ಡಿಸೆಂಬರ್, ಚೆನ್ನೈ, ಇಂಗ್ಲೆಂಡ್ ಎದುರು. ಮೂರನೇ ಟೆಸ್ಟಿನಲ್ಲೇ ಔಟಾಗದೆ 303. ವಯಸ್ಸು 25. ಅದಾದ ಮೇಲೆ ನಾಲ್ಕೇ ನಾಲ್ಕು ಇನಿಂಗ್ಸ್: 26, 0, 23, 5. 2017ರ ಮಾರ್ಚಿಗೆ ಟೆಸ್ಟ್ ತಂಡದಿಂದ ಹೊರಗೆ. ಮುಂದೆ ಕರ್ನಾಟಕ ತಂಡದ ಬಾಗಿಲೂ ಮುಚ್ಚಿತು. 2022ರ ಡಿಸೆಂಬರಿನಲ್ಲಿ ಅವರು ಟ್ವಿಟರಿನಲ್ಲಿ ಒಂದೇ ಒಂದು ಸಾಲು ಬರೆದರು. ಕ್ರಿಕೆಟ್ಟನ್ನೇ ಕರೆದು, ಇನ್ನೊಂದು ಅವಕಾಶ ಕೊಡು ಅಂತ ಕೇಳಿದ ಸಾಲು. ಬಹಳ ಜನ ಅಯ್ಯೋ ಪಾಪ ಅಂದರು, ಕೆಲವರು ನಕ್ಕರು. ಒಪ್ಪಿಕೊಳ್ತೀನಿ, ನನಗೂ 'ಇನ್ನೇನಿದೆ, ಮುಗೀತು' ಅಂತಲೇ ಅನ್ನಿಸಿತ್ತು. 31 ಅಲ್ವಾ ವಯಸ್ಸು. ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಆ ಆಟದ ಗೆರೆಯೇ.

ಅವರು ವಿದರ್ಭಕ್ಕೆ ಹೋದರು. ಇಂಗ್ಲೆಂಡಿಗೆ ಹೋಗಿ ನಾರ್ಥಾಂಪ್ಟನ್‌ಷೈರ್ ಕೌಂಟಿಗೆ ಆಡಿದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನಿಂಗ್ಸ್‌ಗೆ 779 ರನ್, ಐದು ಶತಕ, ಔಟಾದದ್ದು ಎರಡೇ ಸಲ, ಸರಾಸರಿ 389.5. ಬುಕ್ ಕ್ರಿಕೆಟ್‌ನಲ್ಲಿ ಬಂದರೂ ಪಕ್ಕದವನು ಪುಸ್ತಕ ಕಸಿದು ಪರೀಕ್ಷೆ ಮಾಡುವ ಅಂಕಿ ಇದು. ಅದೇ ಸೀಸನ್ನಿನ ರಣಜಿಯಲ್ಲಿ 863 ರನ್, ಫೈನಲ್ಲಿನಲ್ಲಿ ಕೇರಳದ ಎದುರು 86 ಮತ್ತು 135, ವಿದರ್ಭಕ್ಕೆ ಟ್ರೋಫಿ. 2025ರ ಜೂನಿನಲ್ಲಿ, ಎಂಟು ವರ್ಷದ ನಂತರ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಟೋಪಿ ಹಾಕಿಕೊಂಡರು.

ಇಲ್ಲಿಗೆ ಸಿನಿಮಾ ಮುಗಿಸಬಹುದಿತ್ತು. ಮುಗಿಯಲಿಲ್ಲ. ಆ ಸರಣಿಯಲ್ಲಿ ಎಂಟು ಇನಿಂಗ್ಸ್‌ಗೆ 205 ರನ್, ಒಂದೇ ಅರ್ಧಶತಕ. ಹಲವು ಸಲ ಚೆನ್ನಾಗಿ ಶುರು ಮಾಡಿ ಔಟಾದರು. ಮುಂದಿನ ಸರಣಿಗೆ ಹೆಸರಿರಲಿಲ್ಲ. ಹಾಗಾದರೆ ಕೌಶಲ ಇಳಿದಿತ್ತಾ? 25ರಲ್ಲಿ ಆ ನಾಲ್ಕು ಇನಿಂಗ್ಸ್ ಆಡಿದಾಗ ಇಳಿದಿತ್ತಾ, 31ರಲ್ಲಿ ಇಳಿದಿತ್ತಾ, 33ರಲ್ಲಿ ಏರಿ ಮತ್ತೆ ಆರು ತಿಂಗಳಿಗೆ ಇಳೀತಾ? ಮ್ಯಾನೇಜರ್ ಆಟವಾದರೆ ಆಟಗಾರನ ಪುಟ ತೆಗೆದು ಅಂಕಿ ನೋಡಿದರಾಯಿತು. ನಮ್ಮ ದಡ್ಡಿಯಲ್ಲಿ ಘಟಪ್ರಭೆಯ ನೀರಿನ ಮಟ್ಟ ಅಳೆಯುವ ಕೇಂದ್ರ ಇದೆ. ಮಳೆಗಾಲದಲ್ಲಿ ಅಲ್ಲಿನ ಅಂಕಿ ಕೆಳಗಿನ ಊರುಗಳಿಗೆಲ್ಲಾ ಬೇಕು. ನದಿಗೆ ಅಂಥದ್ದೊಂದು ಅಳತೆಗೋಲು ನೆಡಬಹುದು. ಬ್ಯಾಟರಿನ ಮೈಯಲ್ಲಿ ಎಲ್ಲಿ ನೆಡ್ತೀರಿ? ಆಯ್ಕೆ ಸಮಿತಿಯವರಿಗೆ ಕಾಣೋದು ರನ್ನು, ವಯಸ್ಸು, ಮತ್ತು ಹಿಂದೆ ನಿಂತಿರೋ ಸಾಲು. ಮೂರನೆಯದು ಉದ್ದವಿದ್ದಾಗ ಮೊದಲ ಎರಡನ್ನ ಓದೋ ರೀತಿಯೇ ಬದಲಾಗುತ್ತೆ. ನಾಲ್ಕು ಕಡಿಮೆ ರನ್ನಿನ ಇನಿಂಗ್ಸ್ 'ಇಳಿತ' ಅಂತ ಹೆಸರು ಪಡೆಯೋದು ಹೀಗೆ. ಹನ್ನೊಂದೇ ಜಾಗ ಇರೋ ಸಂತೆಯಲ್ಲೂ ಆ ಡ್ಯಾಮಿನ ಗೇಟು ಇರುತ್ತೆ. ಆಟದಲ್ಲಿ ಅದನ್ನ ಪ್ರೋಗ್ರಾಮು ತೆರೆಯುತ್ತೆ, ಇಲ್ಲಿ ಮನುಷ್ಯರು ತೆರೀತಾರೆ, ಆಮೇಲೆ ವಯಸ್ಸಿನ ಹೆಸರು ಹೇಳ್ತಾರೆ. ಅವರ ಕೆಲಸ ಸುಲಭ ಅಂತಲ್ಲ. ಒಬ್ಬರನ್ನ ಇಟ್ಟುಕೊಂಡರೆ ಇನ್ನೊಬ್ಬ 21ರ ಹುಡುಗ ಹೊರಗೆ ಕೂರಬೇಕು, ಅವನ ವರ್ಷಗಳೂ ಓಡ್ತಿರುತ್ತವೆ. 2025-26ರ ಸೀಸನ್ನಿಗೆ ಕರುಣ್ ಕರ್ನಾಟಕಕ್ಕೇ ಮರಳಿದರು.

ಇದುವರೆಗೆ ಹೇಳಿದ್ದು ಬಾಗಿಲು ದಾಟಿ ಒಳಗೆ ಬಂದವರ ಮಾತು. ಏರಿಕೆಯ ಕಡೆಗೂ ಒಂದು ಸುಳ್ಳಿದೆ. ಆಟದಲ್ಲಿ ತರಬೇತಿ ಅಂದರೆ ಒಂದು ಕ್ಲಿಕ್. ಮೈದಾನಕ್ಕೆ ಹೋಗೋ ಬಸ್ಸಿನ ಚಾರ್ಜು ಯಾರೂ ಕೇಳೋದಿಲ್ಲ. ಗದಗಿನ ಸುನಿಲ್ ಜೋಶಿ ಹುಡುಗರಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ಗದಗಿಗೆ ವಾಪಸ್ ಬರ್ತಿದ್ದರು. ಸುಮಾರು 60 ಕಿಲೋಮೀಟರು ಹೋಗೋಕೆ, ಅಷ್ಟೇ ಬರೋಕೆ. ರಣಜಿ ಆಡಿದ್ದು 22ರಲ್ಲಿ, ಮೊದಲ ಟೆಸ್ಟ್ 1996ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ, ಸರಿಯಾಗಿ 26 ತುಂಬಿದ ದಿನ ಶುರುವಾಯಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು 10 ಓವರು, 6 ಮೇಡನ್, 6 ರನ್, 5 ವಿಕೆಟ್. ಮ್ಯಾನೇಜರ್ ಆಟದ ಸಂತೆಯಲ್ಲಿ 22ಕ್ಕೆ ಶುರು ಮಾಡೋ ಸ್ಪಿನ್ನರನ್ನ ಯಾರೂ ಮೂಸಿ ನೋಡೋದಿಲ್ಲ, ತರಬೇತಿಯ ವರ್ಷ ಹೋಯ್ತು ಅಂತಾರೆ. ಜೋಶಿಯವರ ಆ ವರ್ಷಗಳು ರಸ್ತೆಯ ಮೇಲಿದ್ದವು.

ದಡ್ಡಿಯಿಂದ ಹಾಗೆ ಹೋಗಿ ಬರಬೇಕಂದರೆ ಬೆಳಗಾವಿಗೆ ಹೋಗಬೇಕು. ನನ್ನ ಗೆಳೆಯನೊಬ್ಬ ಎಡಗೈ ಸ್ಪಿನ್ನರ್. ಹೆಸರು ಹೇಳಬೇಡ ಅಂದಿದ್ದಾನೆ. ಟೆನಿಸ್ ಬಾಲನ್ನ ಅಷ್ಟು ತಿರುಗಿಸೋನನ್ನ ನಾನು ಇನ್ನೊಬ್ಬನನ್ನ ನೋಡಿಲ್ಲ. ಲೆದರ್ ಬಾಲಿನಲ್ಲಿ ಬೌಲಿಂಗ್ ಮಾಡಿದ್ದು ಜೀವನದಲ್ಲಿ ಎಂಟೋ ಹತ್ತೋ ಸಲ. ಎರಡು ತಿಂಗಳು ಬೆಳಗಾವಿಗೆ ಬಸ್ಸಿನಲ್ಲಿ ಓಡಾಡಿದ. ಕಬ್ಬು ಕಡಿಯೋ ಸುಗ್ಗಿ ಬಂತು, ಅಪ್ಪನಿಗೆ ಕೈ ಬೇಕಾಯಿತು, ನಿಂತುಹೋಯಿತು. ಆಗ ಅವನಿಗೆ 19. ಊರಿನ ಟೂರ್ನಮೆಂಟಿನಲ್ಲೂ 24ಕ್ಕೆಲ್ಲಾ ಅವನನ್ನ 'ಅಂಕಲ್' ಮಾಡಿಬಿಟ್ಟರು. "ನಿಂದು ಮುಗೀತೋ ಮಾರಾಯಾ, ಹುಡುಗರಿಗೆ ಬಿಡು" ಅಂದವರಲ್ಲಿ ನಾನೂ ಒಬ್ಬ. ಅವನ ಚೆಂಡು ತಿರುಗೋದು ಕಡಿಮೆಯಾಗಿದೆಯಾ ಅಂತ ನಾವು ಯಾರೂ ನೋಡಿರಲಿಲ್ಲ. ಹುಡುಗರು ಹೆಚ್ಚಾಗಿದ್ದರು, ಅಷ್ಟೆ.

ಅದೇ ಸುಮಾರಿಗೆ ನಾನು ಆ ಇಂಟರ್ನೆಟ್ ಆಟದಲ್ಲಿ ಮುಳುಗಿದ್ದೆ. ತಂಡದ ಲೆಕ್ಕ ಬರೆಯೋಕೆ ಒಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ಒಬ್ಬ ಎಡಗೈ ಸ್ಪಿನ್ನರಿನ ಎದುರು ಇವನ ಹೆಸರು ಬರೆದುಕೊಂಡಿದ್ದೆ. 17ಕ್ಕೆ ತಂದು, ವಾರ ವಾರ ಬಿಡದೆ ತರಬೇತಿ ಕೊಟ್ಟು, 27ಕ್ಕೆ ದೇಶದ ತಂಡಕ್ಕೆ ಕಳಿಸಿದ್ದೆ. 32ಕ್ಕೆ ಮೊದಲ ಇಳಿತ ಬಂತು. 34ಕ್ಕೆ ಬಿಡುಗಡೆ ಮಾಡಿದೆ, ಒಂದು ಕ್ಲಿಕ್ಕಿನಲ್ಲಿ.

ಮೊನ್ನೆ ಈ ಸಂಚಿಕೆಗೆ ತಯಾರಿ ಮಾಡೋವಾಗ ಆ ನೋಟ್‌ಬುಕ್ ಸಿಕ್ಕಿತು. ಅವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಟ್ರ್ಯಾಕ್ಟರಿನ ಸದ್ದಿನ ನಡುವೆ ಕೇಳಿಸಿಕೊಂಡ.

"ಅಂದ್ರ ದೇಶಕ್ಕ ಆಡೇನಿ ಅನ್ನು."

"ಆಡೀ."

"ಎಷ್ಟು ವಿಕೆಟ್?"

ನೋಟ್‌ಬುಕ್ ತಿರುವಿ ಹಾಕಿದೆ. ಕೌಶಲದ ಅಂಕಿ, ವಾರದ ತರಬೇತಿ, ಕೊಂಡ ಬೆಲೆ, ಸಂಬಳ, ಎಲ್ಲಾ ಬರೆದಿದ್ದೆ. ವಿಕೆಟ್ ಎಷ್ಟು ಅಂತ ಎಲ್ಲೂ ಬರೆದಿರಲಿಲ್ಲ.